ಹಳೆಯ ಎಸ್‌ಯುವಿಗಳ ಹಿಂಬದಿ ಬ್ರೇಕ್: ಡ್ರಮ್‌ನಿಂದ ಡಿಸ್ಕ್‌ಗೆ ಪರಿವರ್ತನೆ

ವಾಹನದ ಹಿಂದಿನ ಚಕ್ರಗಳಿಗೆ ಕಾರ್ಖಾನೆಯಲ್ಲಿ ಅಳವಡಿಸಿದ ಡ್ರಮ್ ಬ್ರೇಕುಗಳನ್ನು ಕಳಚಿ, ಅವುಗಳ ಜಾಗದಲ್ಲಿ ಡಿಸ್ಕ್, ಕ್ಯಾಲಿಪರ್ ಮತ್ತು ಪ್ಯಾಡುಗಳಿಂದ ಕೂಡಿದ ವ್ಯವಸ್ಥೆಯನ್ನು ಜೋಡಿಸುವ ಕೆಲಸವನ್ನು ಹಿಂಬದಿ ಡಿಸ್ಕ್ ಪರಿವರ್ತನೆ ಎನ್ನುತ್ತಾರೆ. ಮುಂದೆ ಡಿಸ್ಕ್, ಹಿಂದೆ ಡ್ರಮ್ ಇರುವ ಹಳೆಯ ಜೀಪು ಮಾದರಿಯ ವಾಹನಗಳು ಮತ್ತು ಎಸ್‌ಯುವಿಗಳಲ್ಲಿ ಈ ಮಾರ್ಪಾಟಿನ ಮಾತು ಹೆಚ್ಚು ಕೇಳಿಬರುತ್ತದೆ. ಹೊರನೋಟಕ್ಕೆ ಇದು ಒಂದು ಬಿಡಿಭಾಗವನ್ನು ತೆಗೆದು ಇನ್ನೊಂದನ್ನು ಕೂಡಿಸುವ ಕೆಲಸವಾಗಿ ಕಂಡರೂ, ಪೆಡಲ್‌ನಿಂದ ಟೈರಿನವರೆಗಿನ ಎಲ್ಲ ಅಂಗಗಳ ನಡುವೆ ತಯಾರಕರು ಲೆಕ್ಕ ಹಾಕಿ ಕಟ್ಟಿದ ಸಮತೋಲನವನ್ನು ಅದು ಬದಲಿಸುತ್ತದೆ. ಆ ಸಮತೋಲನವನ್ನು ಮತ್ತೆ ಕಟ್ಟಲು ಸಾಧ್ಯವಾದರೆ ಮಾತ್ರ ಪರಿವರ್ತನೆಯಿಂದ ಪ್ರಯೋಜನವುಂಟು. ಇಲ್ಲವಾದರೆ ಸುಸ್ಥಿತಿಯಲ್ಲಿರುವ ಡ್ರಮ್ ಬ್ರೇಕೇ ಅದಕ್ಕಿಂತ ಸುರಕ್ಷಿತ. ಈ ಲೇಖನವು ವಿಷಯದ ಇತಿಹಾಸ, ತಾಂತ್ರಿಕ ತತ್ತ್ವ, ಜೋಡಣೆಯ ಕ್ರಮ ಮತ್ತು ಕಾನೂನನ್ನು ವಿವರಿಸಿ, ಬಾಗಲಕೋಟೆ ಜಿಲ್ಲೆಯ ಅಮೀನಗಡ, ಹುನಗುಂದ, ಇಳಕಲ್ ಮತ್ತು ಬಾದಾಮಿ ಭಾಗದ ರಸ್ತೆ, ಮಣ್ಣು ಹಾಗೂ ಬಳಕೆಯ ಹಿನ್ನೆಲೆಯಲ್ಲಿ ಅದನ್ನು ಪರಿಶೀಲಿಸುತ್ತದೆ.

ಐತಿಹಾಸಿಕ ಹಿನ್ನೆಲೆ

ಡ್ರಮ್ ಹಳೆಯದು, ಡಿಸ್ಕ್ ಹೊಸದು ಎಂಬ ಗ್ರಹಿಕೆ ಸಾಮಾನ್ಯವಾಗಿದ್ದರೂ ಎರಡೂ ಒಂದೇ ಕಾಲದಲ್ಲಿ ರೂಪುಗೊಂಡ ವ್ಯವಸ್ಥೆಗಳು. ಫ್ರಾನ್ಸಿನ ಲೂಯಿ ರೆನೊ ಇಂದಿನ ಡ್ರಮ್ ಬ್ರೇಕಿನ ಮೂಲರೂಪವನ್ನು ರೂಪಿಸಿದ 1902ರಲ್ಲಿಯೇ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಫ್ರೆಡರಿಕ್ ಲ್ಯಾಂಚೆಸ್ಟರ್ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದರು. ಲ್ಯಾಂಚೆಸ್ಟರ್ ಬಳಸಿದ ತಾಮ್ರದ ಪ್ಯಾಡುಗಳು ಅಂದಿನ ಧೂಳಿನ ರಸ್ತೆಗಳಲ್ಲಿ ಬೇಗ ಸವೆಯುತ್ತಿದ್ದವು ಮತ್ತು ಕರ್ಕಶವಾಗಿ ಕಿರುಚುತ್ತಿದ್ದವು. ಡ್ರಮ್ಮಾದರೋ ಮುಚ್ಚಿದ ಪೆಟ್ಟಿಗೆಯಂತಿದ್ದು ಧೂಳನ್ನು ಬಹುಮಟ್ಟಿಗೆ ತಡೆಯುತ್ತಿತ್ತು, ಕಡಿಮೆ ಬಲಕ್ಕೆ ಹೆಚ್ಚು ಹಿಡಿತ ಕೊಡುತ್ತಿತ್ತು ಮತ್ತು ಸರಳವಾದ ಕೇಬಲ್ ಅಥವಾ ಸರಳುಗಳಿಂದಲೇ ಕೆಲಸ ಮಾಡುತ್ತಿತ್ತು. ಹೀಗಾಗಿ ಮುಂದಿನ ಅರ್ಧ ಶತಮಾನ ಡ್ರಮ್ಮಿನದೇ ಆಯಿತು. 1921ರಲ್ಲಿ ಅಮೆರಿಕದ ಡ್ಯೂಸೆನ್‌ಬರ್ಗ್ ಮಾಡೆಲ್ ಎ ಕಾರು ನಾಲ್ಕೂ ಚಕ್ರಗಳಿಗೆ ದ್ರವದ ಒತ್ತಡದಿಂದ ನಡೆಯುವ, ಅಂದರೆ ಹೈಡ್ರಾಲಿಕ್, ಬ್ರೇಕುಗಳನ್ನು ತಂದಾಗಲೂ ಚಕ್ರದೊಳಗೆ ಇದ್ದುದು ಡ್ರಮ್ಮೇ.

ಡಿಸ್ಕ್ ಬ್ರೇಕಿಗೆ ಮನ್ನಣೆ ದೊರೆತದ್ದು ಎರಡನೆಯ ಮಹಾಯುದ್ಧದ ತರುವಾಯ. ಡನ್ಲಪ್ ಕಂಪನಿಯ ಡಿಸ್ಕ್ ಬ್ರೇಕುಗಳನ್ನು ಹೊಂದಿದ್ದ ಜಾಗ್ವಾರ್ ಸಿ-ಟೈಪ್ ಕಾರು 1953ರ ಲೆ ಮಾನ್ಸ್ 24 ಗಂಟೆಗಳ ಓಟವನ್ನು ಗೆದ್ದಿತು. ಅತಿ ವೇಗದಿಂದ ಮತ್ತೆ ಮತ್ತೆ ಬ್ರೇಕ್ ಹಾಕಬೇಕಾದ ಓಟದಲ್ಲಿ ಡಿಸ್ಕ್ ಬೇಗ ತಣಿಯುತ್ತದೆ ಎಂಬುದು ಅಲ್ಲಿ ಎಲ್ಲರಿಗೂ ಕಂಡಿತು. 1955ರ ಸಿಟ್ರೊಯೆನ್ ಡಿಎಸ್ ಮುಂದಿನ ಚಕ್ರಗಳಿಗೆ ಡಿಸ್ಕ್ ಅಳವಡಿಸಿ ಸಾಮಾನ್ಯ ಕಾರುಗಳಿಗೂ ದಾರಿ ತೆರೆಯಿತು. ಗುಡ್ಡಗಾಡಿಗೂ ಹೆದ್ದಾರಿಗೂ ಒಗ್ಗುವಂತೆ ನಿರ್ಮಿಸಿದ ಬ್ರಿಟನ್ನಿನ ರೇಂಜ್ ರೋವರ್ 1970ರಲ್ಲಿಯೇ ನಾಲ್ಕೂ ಚಕ್ರಗಳಿಗೆ ಡಿಸ್ಕ್ ಹೊಂದಿತ್ತು. ನಿಲುಗಡೆಯ ಬ್ರೇಕನ್ನು ಮಾತ್ರ ಚಕ್ರಗಳ ಬದಲು ಗೇರ್ ವ್ಯವಸ್ಥೆಯಿಂದ ಹೊರಡುವ ಶಾಫ್ಟಿನ ಮೇಲೆ ಪುಟ್ಟ ಡ್ರಮ್ಮಿನ ರೂಪದಲ್ಲಿ ಇರಿಸಲಾಗಿತ್ತು.

ಭಾರತದಲ್ಲಿ ಮಹೀಂದ್ರಾ ಕಂಪನಿ 1947ರಲ್ಲಿ ವಿಲ್ಲೀಸ್ ಜೀಪುಗಳ ಜೋಡಣೆಯನ್ನು ಆರಂಭಿಸಿದಾಗ ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕುಗಳಿದ್ದವು, ಮತ್ತು ಆ ವಂಶದ ಜೀಪುಗಳು ದಶಕಗಳವರೆಗೆ ಹಾಗೆಯೇ ಮುಂದುವರಿದವು. ಕರ್ನಾಟಕದ ಬಿಡದಿಯಲ್ಲಿ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಿಂದ 2000ದಲ್ಲಿ ಮಾರುಕಟ್ಟೆಗೆ ಬಂದ ಕ್ವಾಲಿಸ್, ಅದೇ ವರ್ಷದ ಮಹೀಂದ್ರಾ ಬೊಲೆರೊ ಮತ್ತು 2002ರ ಸ್ಕಾರ್ಪಿಯೊ ಈ ಮೂರೂ ಮುಂದೆ ಡಿಸ್ಕ್, ಹಿಂದೆ ಡ್ರಮ್ ಎಂಬ ಮಿಶ್ರ ಪದ್ಧತಿಯನ್ನು ಅನುಸರಿಸಿದವು. ತಯಾರಕರೇ ಹಿಂಬದಿ ಡಿಸ್ಕಿಗೆ ಹೊರಳಿದ ಉದಾಹರಣೆಗಳೂ ಇವೆ: 2011ರ ಮಹೀಂದ್ರಾ ಎಕ್ಸ್‌ಯುವಿ500, 2012ರ ಟಾಟಾ ಸಫಾರಿ ಸ್ಟಾರ್ಮ್ ಮತ್ತು 2022ರ ಸ್ಕಾರ್ಪಿಯೊ-ಎನ್ ನಾಲ್ಕೂ ಚಕ್ರಗಳಿಗೆ ಡಿಸ್ಕ್ ಪಡೆದವು. ಆದರೆ 2020ರ ಹೊಸ ಥಾರ್ ಹಿಂದೆ ಡ್ರಮ್ಮನ್ನೇ ಉಳಿಸಿಕೊಂಡು ಬಂದಿತು. ಹಿಂಬದಿ ಡ್ರಮ್ ತನ್ನಷ್ಟಕ್ಕೆ ದೋಷವಲ್ಲ, ವೆಚ್ಚ, ಭಾರ ಮತ್ತು ಬಳಕೆಯನ್ನು ಅಳೆದು ಮಾಡಿದ ಆಯ್ಕೆ ಎಂಬುದನ್ನು ಈ ಸಂಗತಿ ತೋರಿಸುತ್ತದೆ.

ಡ್ರಮ್ ಬ್ರೇಕಿನ ರಚನೆ ಮತ್ತು ಗುಣ

ಡ್ರಮ್ ಎಂಬುದು ಚಕ್ರದ ಜೊತೆ ತಿರುಗುವ ಬೀಡುಕಬ್ಬಿಣದ ಬೋಗುಣಿ. ಅದರ ಒಳಗೆ, ತಿರುಗದ ಬ್ಯಾಕ್ ಪ್ಲೇಟಿನ ಮೇಲೆ, ಅರ್ಧಚಂದ್ರಾಕಾರದ ಎರಡು ಬ್ರೇಕ್ ಶೂಗಳು ಕುಳಿತಿರುತ್ತವೆ. ಅವುಗಳ ಹೊರಮೈಗೆ ಲೈನರ್ ಎಂಬ ಘರ್ಷಣೆಯ ಪದಾರ್ಥವನ್ನು ಅಂಟಿಸಿರುತ್ತಾರೆ ಅಥವಾ ರಿವಿಟ್ ಹೊಡೆದಿರುತ್ತಾರೆ. ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರಿನಿಂದ ಬರುವ ಬ್ರೇಕ್ ಆಯಿಲ್ ವೀಲ್ ಸಿಲಿಂಡರಿನ ಎರಡು ಪಿಸ್ಟನ್‌ಗಳನ್ನು ಹೊರಕ್ಕೆ ತಳ್ಳಿ, ಶೂಗಳನ್ನು ಡ್ರಮ್ಮಿನ ಒಳಮೈಗೆ ಒತ್ತುತ್ತದೆ. ಚಕ್ರ ತಿರುಗುವ ದಿಕ್ಕಿಗೆ ಬಾಯಿ ಮಾಡಿರುವ ಮುಂಚೂಣಿ ಶೂವನ್ನು ಡ್ರಮ್ಮಿನ ಚಲನೆಯೇ ಇನ್ನಷ್ಟು ಬಿಗಿಯಾಗಿ ಒಳಕ್ಕೆ ಎಳೆದುಕೊಳ್ಳುತ್ತದೆ. ಸ್ವಯಂ ಬಲವರ್ಧನೆ ಎನ್ನಬಹುದಾದ ಈ ಗುಣದಿಂದಾಗಿ ಕಾಲಿನ ಸ್ವಲ್ಪ ಬಲಕ್ಕೆ ಹೆಚ್ಚು ಹಿಡಿತ ದೊರೆಯುತ್ತದೆ. ಹ್ಯಾಂಡ್ ಬ್ರೇಕಿನ ಕೇಬಲ್ ಎಳೆತವೂ ತುಂಬಿದ ಗಾಡಿಯನ್ನು ಇಳಿಜಾರಿನಲ್ಲಿ ಹಿಡಿದು ನಿಲ್ಲಿಸಲು ಸಾಲುತ್ತದೆ.

ಇದೇ ಗುಣ ಬಿಸಿಯೇರಿದಾಗ ಪ್ರತಿಕೂಲವಾಗುತ್ತದೆ. ಲೈನರ್ ಕಾದು ಅದರ ಘರ್ಷಣೆ ಕುಗ್ಗಿದಾಗ ಬಲವರ್ಧನೆಯೂ ಜೊತೆಯಲ್ಲಿಯೇ ಕುಗ್ಗುವುದರಿಂದ ಹಿಡಿತ ಹಠಾತ್ತನೆ ಇಳಿಯುತ್ತದೆ. ಅಲ್ಲದೆ ಕಾದ ಡ್ರಮ್ ಹಿಗ್ಗಿ ಶೂಗಳಿಂದ ದೂರ ಸರಿಯುವುದರಿಂದ ಪೆಡಲ್ ಹೆಚ್ಚು ಕೆಳಗೆ ಹೋಗುತ್ತದೆ. ಉದ್ದನೆಯ ಇಳಿಜಾರಿನಲ್ಲಿ ಬ್ರೇಕ್ ಹಿಡಿಯದೆ ಹೋಗುವ ಈ ಸ್ಥಿತಿಯನ್ನು ಬ್ರೇಕ್ ಫೇಡ್ ಎನ್ನುತ್ತಾರೆ. ಮುಚ್ಚಿದ ರಚನೆಯ ಒಳಗೆ ಒಮ್ಮೆ ನೀರು, ರಾಡಿ ಸೇರಿದರೆ ಬೇಗ ಹೊರಬರುವುದಿಲ್ಲ ಎಂಬುದು ಇನ್ನೊಂದು ಕೊರತೆ.

ಡಿಸ್ಕ್ ಬ್ರೇಕಿನ ರಚನೆ ಮತ್ತು ಗುಣ

ಡಿಸ್ಕ್ ಬ್ರೇಕಿನಲ್ಲಿ ಚಕ್ರದ ಜೊತೆ ತಿರುಗುವುದು ಬೀಡುಕಬ್ಬಿಣದ ಚಪ್ಪಟೆ ಬಿಲ್ಲೆ. ಅದನ್ನು ಎರಡೂ ಬದಿಯಿಂದ ಅಪ್ಪುವ ಕ್ಯಾಲಿಪರ್ ಎಂಬ ಹಿಡಿಕೆಯ ಒಳಗಿನ ಪಿಸ್ಟನ್, ದ್ರವದ ಒತ್ತಡಕ್ಕೆ ಮುಂದೆ ಸರಿದು ಪ್ಯಾಡುಗಳನ್ನು ಬಿಲ್ಲೆಗೆ ಒತ್ತುತ್ತದೆ. ಬಿಲ್ಲೆ ಗಾಳಿಗೆ ತೆರೆದುಕೊಂಡಿರುವುದರಿಂದ ಬೇಗ ತಣಿಯುತ್ತದೆ, ನೀರು ಬಿದ್ದರೆ ತಿರುಗುವ ರಭಸಕ್ಕೆ ಸಿಡಿದು ಹೋಗುತ್ತದೆ, ಮತ್ತು ಕಾದು ದಪ್ಪವಾದ ಬಿಲ್ಲೆ ಪ್ಯಾಡಿನ ಕಡೆಗೇ ಹಿಗ್ಗುವುದರಿಂದ ಪೆಡಲ್ ಕೆಳಗಿಳಿಯುವುದಿಲ್ಲ. ಸ್ವಯಂ ಬಲವರ್ಧನೆ ಇಲ್ಲದ ಕಾರಣ ಪೆಡಲಿನ ಒತ್ತಡ ಮತ್ತು ಹಿಡಿತದ ನಡುವಿನ ಸಂಬಂಧ ನೇರವಾಗಿಯೂ ಊಹಿಸಬಲ್ಲದ್ದಾಗಿಯೂ ಉಳಿಯುತ್ತದೆ. ಆದರೆ ಅದೇ ಕಾರಣದಿಂದ ಡಿಸ್ಕಿಗೆ ಬಹಳ ಹೆಚ್ಚು ಒತ್ತುಬಲ ಬೇಕು.

ಈ ವ್ಯತ್ಯಾಸವನ್ನು ಬ್ರೇಕ್ ಗುಣಕ ಎಂಬ ಅಳತೆಯಿಂದ ಹೇಳಬಹುದು. ಕೊಟ್ಟ ಒತ್ತುಬಲಕ್ಕೆ ಎಷ್ಟು ಪಟ್ಟು ಘರ್ಷಣೆಯ ಬಲ ಹುಟ್ಟುತ್ತದೆ ಎಂಬುದೇ ಬ್ರೇಕ್ ಗುಣಕ. ಒಂದು ಮುಂಚೂಣಿ ಶೂ, ಒಂದು ಹಿಂಚೂಣಿ ಶೂ ಇರುವ ಸಾಮಾನ್ಯ ಡ್ರಮ್ಮಿನಲ್ಲಿ ಅದು 2ರಿಂದ 2.5ರಷ್ಟಿದ್ದರೆ, ಡಿಸ್ಕಿನಲ್ಲಿ ಸುಮಾರು 0.7ರಿಂದ 0.8ರಷ್ಟಿರುತ್ತದೆ. ಪರಿವರ್ತನೆಯ ಎಲ್ಲ ಲೆಕ್ಕಗಳೂ ಈ ಅಂತರದಿಂದಲೇ ಹೊರಡುತ್ತವೆ.

ಹಿಂದಿನ ಚಕ್ರಗಳ ಪಾಲು

ಚಲಿಸುವ ವಾಹನದ ಶಕ್ತಿ ಅದರ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 1,800 ಕಿಲೋಗ್ರಾಂ ತೂಕದ ವಾಹನವೊಂದು ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿರುವಾಗ ಅದರಲ್ಲಿ ಸುಮಾರು 4.4 ಲಕ್ಷ ಜೂಲ್ ಶಕ್ತಿ ಅಡಗಿರುತ್ತದೆ. ವೇಗ 40 ಕಿಲೋಮೀಟರಿಗೆ ಇಳಿದರೆ ಉಳಿಯುವುದು ಅದರ ಕಾಲು ಭಾಗ ಮಾತ್ರ. ನಿಲ್ಲುವಾಗ ಈ ಶಕ್ತಿಯೆಲ್ಲವೂ ಮುಖ್ಯವಾಗಿ ಬ್ರೇಕುಗಳಲ್ಲಿ ಶಾಖವಾಗಿ ಮಾರ್ಪಡಬೇಕು. ಅದೇ ವಾಹನ 500 ಮೀಟರ್ ಎತ್ತರದ ಘಟ್ಟವನ್ನು ಇಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 88 ಲಕ್ಷ ಜೂಲ್. ಗಂಟೆಗೆ 80 ಕಿಲೋಮೀಟರ್ ವೇಗದಿಂದ ಇಪ್ಪತ್ತು ಬಾರಿ ನಿಂತಷ್ಟು ಶಾಖಕ್ಕೆ ಇದು ಸಮ. ಇಳಿಜಾರಿನಲ್ಲಿ ಕೆಳಗಿನ ಗೇರಿನಲ್ಲಿ ಓಡಿಸಿ ಎಂಜಿನ್ನಿನಿಂದಲೇ ವೇಗ ತಡೆಯಬೇಕು ಎಂಬ ಅನುಭವಿ ಚಾಲಕರ ನಿಯಮಕ್ಕೆ ಆಧಾರ ಈ ಲೆಕ್ಕವೇ.

ಬ್ರೇಕ್ ಹಾಕಿದಾಗ ವಾಹನದ ಭಾರ ಮುಂದಕ್ಕೆ ವಾಲುತ್ತದೆ. ಭಾರಕೇಂದ್ರ ನೆಲದಿಂದ 0.75 ಮೀಟರ್ ಎತ್ತರದಲ್ಲಿದ್ದು, ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 2.68 ಮೀಟರ್ ಅಂತರವಿರುವ ವಾಹನವೊಂದು ಗುರುತ್ವದ 0.7 ಪಟ್ಟು ವೇಗಕುಂದಿನಲ್ಲಿ ನಿಲ್ಲುತ್ತಿದೆ ಎಂದುಕೊಂಡರೆ, ಒಟ್ಟು ಭಾರದ ಸುಮಾರು 20 ಶೇಕಡಾದಷ್ಟು ಹಿಂದಿನಿಂದ ಮುಂದಕ್ಕೆ ವರ್ಗವಾಗುತ್ತದೆ. ನಿಂತಾಗ 48 ಶೇಕಡಾ ಭಾರ ಹೊತ್ತಿದ್ದ ಹಿಂದಿನ ಚಕ್ರಗಳು ಆ ಗಳಿಗೆಯಲ್ಲಿ ಹೊರುವುದು 28 ಶೇಕಡಾ ಮಾತ್ರ. ಹಿಂದಿನ ಬ್ರೇಕ್ ಎಷ್ಟೇ ಬಲವಾಗಿದ್ದರೂ ಈ ಪಾಲಿಗಿಂತ ಹೆಚ್ಚಿನ ಕೆಲಸವನ್ನು ಅದು ಮಾಡಲಾರದು, ಏಕೆಂದರೆ ಟೈರಿನ ಹಿಡಿತ ಅದರ ಮೇಲಿರುವ ಭಾರವನ್ನು ಅವಲಂಬಿಸಿದೆ. ತಯಾರಕರು ಮುಂದೆ ಡಿಸ್ಕ್ ಹಾಕಿ ಹಿಂದೆ ಡ್ರಮ್ ಉಳಿಸಿದ್ದರ ತಾಂತ್ರಿಕ ಸಮರ್ಥನೆ ಇಲ್ಲಿದೆ.

ಇದರಿಂದ ಮತ್ತೊಂದು ಮುಖ್ಯ ತೀರ್ಮಾನವೂ ಹೊರಡುತ್ತದೆ. ತಣ್ಣಗಿರುವ, ಸುಸ್ಥಿತಿಯ ಡ್ರಮ್ ಬ್ರೇಕ್ ಹಿಂದಿನ ಚಕ್ರವನ್ನು ತಿರುಗದಂತೆ ಹಿಡಿಯಬಲ್ಲದಾದರೆ, ಅದರ ಜಾಗಕ್ಕೆ ಡಿಸ್ಕ್ ಬಂದ ಮಾತ್ರಕ್ಕೆ ಒಂದು ಬಾರಿಯ ತುರ್ತು ನಿಲುಗಡೆಯ ದೂರ ಕಡಿಮೆಯಾಗುವುದಿಲ್ಲ. ಗಂಟೆಗೆ 80 ಕಿಲೋಮೀಟರ್ ವೇಗದಿಂದ ಮೇಲೆ ಹೇಳಿದ ವೇಗಕುಂದಿನಲ್ಲಿ ನಿಲ್ಲಲು ಬೇಕಾದ ಸುಮಾರು 36 ಮೀಟರ್ ದೂರವನ್ನು ನಿರ್ಧರಿಸುವುದು ಟೈರು ಮತ್ತು ರಸ್ತೆ. ಡಿಸ್ಕಿನ ನಿಜವಾದ ಲಾಭ ಕಾಣುವುದು ಮತ್ತೆ ಮತ್ತೆ ಬ್ರೇಕ್ ಹಾಕುವಾಗ, ದೀರ್ಘ ಇಳಿಜಾರಿನಲ್ಲಿ, ನೀರು ದಾಟಿದ ಮೇಲೆ ಮತ್ತು ಎಡಬಲ ಚಕ್ರಗಳ ಹಿಡಿತ ಒಂದೇ ಸಮ ಇರಬೇಕಾದಾಗ.

ಒತ್ತಡ, ವಿಸ್ತೀರ್ಣ ಮತ್ತು ಸಮತೋಲನ

ಪರಿವರ್ತನೆಯಲ್ಲಿ ಆಯ್ಕೆ ಮಾಡುವ ಕ್ಯಾಲಿಪರಿನ ಗಾತ್ರವೇ ಎಲ್ಲಕ್ಕಿಂತ ನಿರ್ಣಾಯಕ. ಒಂದು ಉದಾಹರಣೆಯನ್ನು ನೋಡಬಹುದು. 254 ಮಿಲಿಮೀಟರ್ ವ್ಯಾಸದ ಡ್ರಮ್, 22 ಮಿಲಿಮೀಟರ್ ವ್ಯಾಸದ ವೀಲ್ ಸಿಲಿಂಡರ್ ಮತ್ತು 2.3 ಬ್ರೇಕ್ ಗುಣಕ ಇದ್ದು, ನಳಿಕೆಯಲ್ಲಿ 50 ಬಾರ್ ಒತ್ತಡವಿದ್ದರೆ, ಚಕ್ರವನ್ನು ತಡೆಯುವ ತಿರುಚುಬಲ, ಅಂದರೆ ಟಾರ್ಕ್, ಸುಮಾರು 550 ನ್ಯೂಟನ್ ಮೀಟರ್ ಆಗುತ್ತದೆ. ಅದೇ ಒತ್ತಡದಲ್ಲಿ 40 ಮಿಲಿಮೀಟರ್ ಪಿಸ್ಟನ್ನಿನ ಕ್ಯಾಲಿಪರ್, ಬಿಲ್ಲೆಯ ನಡುವಿನಿಂದ 115 ಮಿಲಿಮೀಟರ್ ದೂರದಲ್ಲಿ ಒತ್ತುತ್ತಾ 0.76 ಗುಣಕದಲ್ಲಿ ಕೆಲಸ ಮಾಡಿದರೆ, ಅದೂ ಸುಮಾರು 550 ನ್ಯೂಟನ್ ಮೀಟರ್ ಕೊಡುತ್ತದೆ. ಅಂದರೆ ಡ್ರಮ್ಮಿಗೆ ಸಮನಾಗಲು ಡಿಸ್ಕಿನ ಪಿಸ್ಟನ್ನಿಗೆ ವೀಲ್ ಸಿಲಿಂಡರಿನ ಮೂರು ಪಟ್ಟಿಗೂ ಮೀರಿದ ವಿಸ್ತೀರ್ಣ ಬೇಕಾಯಿತು. ಇದೇ ಜಾಗದಲ್ಲಿ ಬೇರೆ ಕಾರಿನ ಮುಂಬದಿಯಿಂದ ತೆಗೆದ 48 ಮಿಲಿಮೀಟರ್ ಪಿಸ್ಟನ್ನಿನ ಕ್ಯಾಲಿಪರ್ ಸುಲಭವಾಗಿ ಸಿಕ್ಕಿತೆಂದು ಕೂಡಿಸಿದರೆ ಹಿಂಬದಿಯ ತಡೆ 44 ಶೇಕಡಾದಷ್ಟು ಹೆಚ್ಚುತ್ತದೆ.

ಹಿಂಬದಿಯ ತಡೆ ಹೆಚ್ಚಿದರೆ ಒಳ್ಳೆಯದೇ ಎಂದು ತೋರಬಹುದಾದರೂ ಅದು ಅಪಾಯಕಾರಿ. ಮುಂದಿನ ಚಕ್ರಗಳು ಮೊದಲು ಲಾಕ್ ಆದರೆ, ಅಂದರೆ ತಿರುಗುವುದನ್ನು ನಿಲ್ಲಿಸಿ ಜಾರತೊಡಗಿದರೆ, ವಾಹನ ತಿರುವಿಗೆ ಬಗ್ಗದಿದ್ದರೂ ನೇರವಾಗಿ ಸಾಗುತ್ತದೆ. ಹಿಂದಿನ ಚಕ್ರಗಳು ಮೊದಲು ಲಾಕ್ ಆದರೆ ಹಿಂಭಾಗ ಪಕ್ಕಕ್ಕೆ ಜಾರಿ ವಾಹನ ಗಿರ್ರನೆ ತಿರುಗುತ್ತದೆ, ಮತ್ತು ಎತ್ತರದ ಎಸ್‌ಯುವಿ ಮಗುಚಲೂ ಬಹುದು. ಆದ್ದರಿಂದ ಪರಿವರ್ತನೆಯ ಗುರಿ ಹಿಂಬದಿಯ ಬಲವನ್ನು ಹೆಚ್ಚಿಸುವುದಲ್ಲ, ಮೂಲದಲ್ಲಿದ್ದಷ್ಟೇ ಬಲವನ್ನು ಶಾಖಕ್ಕೂ ನೀರಿಗೂ ಜಗ್ಗದಂತೆ ಕೊಡುವುದು.

ತುಂಬಿದ ಗಾಡಿಗೂ ಖಾಲಿ ಗಾಡಿಗೂ ಬೇಕಾದ ಹಿಂಬದಿ ತಡೆ ಒಂದೇ ಅಲ್ಲದ ಕಾರಣ ಇಂಥ ಅನೇಕ ವಾಹನಗಳಲ್ಲಿ ಎಲ್‌ಎಸ್‌ಪಿವಿ ಎಂಬ ಕವಾಟವನ್ನು ಕೂಡಿಸಿರುತ್ತಾರೆ. ಚಾಸಿಗೆ ಬಿಗಿದ ಈ ಕವಾಟಕ್ಕೂ ಹಿಂದಿನ ಆಕ್ಸಲ್ ಹೌಸಿಂಗಿಗೂ ನಡುವೆ ಸರಳು ಅಥವಾ ಸ್ಪ್ರಿಂಗಿನ ಸಂಪರ್ಕವಿರುತ್ತದೆ. ಭಾರಕ್ಕೆ ಗಾಡಿಯ ಒಡಲು ಕುಸಿದಂತೆ ಕವಾಟ ಹಿಂದಿನ ಚಕ್ರಗಳಿಗೆ ಹೆಚ್ಚು ಒತ್ತಡ ಬಿಡುತ್ತದೆ. ಡ್ರಮ್ಮಿಗಾಗಿ ಹೊಂದಿಸಿದ ಈ ಕವಾಟವನ್ನು ಡಿಸ್ಕಿನ ಗುಣಕ್ಕೆ ತಕ್ಕಂತೆ ಮತ್ತೆ ಅಳೆದು ನೋಡಬೇಕು. ಅದನ್ನು ಕಿತ್ತುಹಾಕಿ ನೇರ ನಳಿಕೆ ಕೊಡುವುದು ಖಾಲಿ ಗಾಡಿಯಲ್ಲಿ ಹಿಂಬದಿ ಲಾಕ್ ಆಗಲು ನೇರ ಕಾರಣವಾಗುತ್ತದೆ. ಎಬಿಎಸ್ ಇರುವ ವಾಹನಗಳಲ್ಲಿ ಸಮಸ್ಯೆ ಇನ್ನೂ ಸೂಕ್ಷ್ಮ: ಚಕ್ರ ಲಾಕ್ ಆಗದಂತೆ ಒತ್ತಡವನ್ನು ಏರಿಳಿಸುವ ಆ ಯಂತ್ರದ ತಂತ್ರಾಂಶವನ್ನು ಮೂಲ ಬ್ರೇಕಿನ ಗುಣಕ್ಕೆ ಹೊಂದಿಸಿರುವುದರಿಂದ ಅಂಥ ವಾಹನದಲ್ಲಿ ಗ್ಯಾರೇಜ್ ಮಟ್ಟದ ಪರಿವರ್ತನೆ ಸಲ್ಲದು.

ಮಾಸ್ಟರ್ ಸಿಲಿಂಡರ್ ಕೂಡ ಲೆಕ್ಕಕ್ಕೆ ಬರುತ್ತದೆ. ದೊಡ್ಡ ಪಿಸ್ಟನ್ ಸರಿಯಲು ಹೆಚ್ಚು ದ್ರವ ಬೇಕು. ಸಿಲಿಂಡರ್ ಅಷ್ಟು ದ್ರವ ತಳ್ಳಲಾರದಿದ್ದರೆ ಪೆಡಲ್ ಆಳಕ್ಕಿಳಿಯುತ್ತದೆ. ನಾಲ್ಕೂ ಡ್ರಮ್ ಇದ್ದ ಹಳೆಯ ಜೀಪುಗಳ ನಳಿಕೆಯಲ್ಲಿ ಪೆಡಲ್ ಬಿಟ್ಟ ಮೇಲೂ ಸುಮಾರು 0.7 ಬಾರ್ ಒತ್ತಡವನ್ನು ಉಳಿಸುವ ಶೇಷ ಒತ್ತಡದ ಕವಾಟ ಇರುವುದುಂಟು. ಶೂಗಳನ್ನು ಹಿಂದಕ್ಕೆ ಎಳೆಯುವ ಬಲವಾದ ಸ್ಪ್ರಿಂಗುಗಳಿರುವ ಡ್ರಮ್ಮಿಗೆ ಇದು ಹಿತ, ಆದರೆ ಅಂಥ ಸ್ಪ್ರಿಂಗ್ ಇಲ್ಲದ ಡಿಸ್ಕಿನಲ್ಲಿ ಅದೇ ಒತ್ತಡ ಪ್ಯಾಡುಗಳನ್ನು ಸದಾ ಉಜ್ಜುವಂತೆ ಮಾಡಿ ಬಿಲ್ಲೆಯನ್ನು ಕಾಯಿಸುತ್ತದೆ. ಬೂಸ್ಟರ್ ಇಲ್ಲದ ಹಳೆಯ ಜೀಪಿನಲ್ಲಿ ಡಿಸ್ಕ್ ಹಾಕುವುದಾದರೆ, ಎಂಜಿನ್ನಿನ ನಿರ್ವಾತದಿಂದ ಕಾಲಿನ ಬಲವನ್ನು ಹಿಗ್ಗಿಸುವ ಬೂಸ್ಟರನ್ನೂ ಕೂಡಿಸಬೇಕಾಗುತ್ತದೆ. ಡೀಸೆಲ್ ಎಂಜಿನ್ನಾದರೆ ಅದಕ್ಕೆ ಪ್ರತ್ಯೇಕ ನಿರ್ವಾತ ಪಂಪ್ ಬೇಕು.

ಹ್ಯಾಂಡ್ ಬ್ರೇಕಿನ ಪ್ರಶ್ನೆ

ಹಿಂಬದಿ ಡ್ರಮ್ಮನ್ನು ತೆಗೆದಾಗ ಕಾಲಿನ ಬ್ರೇಕಿನ ಜೊತೆಗೆ ಹ್ಯಾಂಡ್ ಬ್ರೇಕೂ ಹೊರಟುಹೋಗುತ್ತದೆ. ಅದನ್ನು ಮರಳಿ ಪಡೆಯಲು ಮೂರು ಮಾರ್ಗಗಳಿವೆ. ಮೊದಲನೆಯದು, ಕೇಬಲ್ ಎಳೆದಾಗ ಪಿಸ್ಟನ್ನನ್ನು ಯಾಂತ್ರಿಕವಾಗಿ ಒತ್ತುವ ಲಿವರ್ ಇರುವ ಕ್ಯಾಲಿಪರ್. ಇದು ಸರಳವಾದರೂ ಭಾರದ ಗಾಡಿಗೆ ಹಿಡಿತ ಸಾಲದೆ ಹೋಗಬಹುದು. ಎರಡನೆಯದು, ಬಿಲ್ಲೆಯ ನಡುವಿನ ಟೋಪಿಯಂಥ ಭಾಗದೊಳಗೆ ಪುಟ್ಟ ಶೂಗಳಿರುವ ರಚನೆ. ಕಾರ್ಖಾನೆಗಳು ಭಾರದ ಎಸ್‌ಯುವಿಗಳಿಗೆ ಹೆಚ್ಚಾಗಿ ಆರಿಸುವುದು ಇದನ್ನೇ. ಮೂರನೆಯದು, ಹಳೆಯ ವಿಲ್ಲೀಸ್ ಜೀಪು ಮತ್ತು ರೇಂಜ್ ರೋವರ್‌ಗಳಲ್ಲಿ ಇದ್ದಂತೆ ಟ್ರಾನ್ಸ್‌ಫರ್ ಕೇಸಿನಿಂದ, ಅಂದರೆ ಎಂಜಿನ್ನಿನ ಬಲವನ್ನು ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಹಂಚುವ ಗೇರ್ ಪೆಟ್ಟಿಗೆಯಿಂದ, ಹೊರಡುವ ಶಾಫ್ಟನ್ನು ಹಿಡಿಯುವ ಬ್ರೇಕ್. ಹ್ಯಾಂಡ್ ಬ್ರೇಕ್ ಇಲ್ಲದೆ, ನಿಲ್ಲಿಸುವಾಗ ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಟ್ಟು ನಿಭಾಯಿಸುವ ವಾಹನ ಕಾನೂನಿನ ದೃಷ್ಟಿಯಲ್ಲಿಯೂ ಸುರಕ್ಷತೆಯ ದೃಷ್ಟಿಯಲ್ಲಿಯೂ ಅಪೂರ್ಣ.

ಜೋಡಣೆ ಮತ್ತು ಪರೀಕ್ಷೆ

ಈ ವಾಹನಗಳಲ್ಲಿ ಸಾಮಾನ್ಯವಾದ ಅರೆತೇಲು ಮಾದರಿಯ ಹಿಂಬದಿ ಹೌಸಿಂಗಿನಲ್ಲಿ ಆಕ್ಸಲ್ ಶಾಫ್ಟೇ ಚಕ್ರದ ಭಾರವನ್ನು ಹೊರುತ್ತದೆ, ಮತ್ತು ಬೇರಿಂಗನ್ನು ಹಿಡಿದಿಡುವ ತಟ್ಟೆಯೂ ಬ್ಯಾಕ್ ಪ್ಲೇಟೂ ಒಂದೇ ಬೋಲ್ಟುಗಳಿಂದ ಹೌಸಿಂಗಿನ ತುದಿಗೆ ಬಿಗಿದಿರುತ್ತವೆ. ಗಾಡಿಯನ್ನು ಜಾಕಿನಿಂದ ಎತ್ತಿ ಭದ್ರವಾದ ಸ್ಟ್ಯಾಂಡಿನ ಮೇಲೆ ಕೂರಿಸಿ, ಆಕ್ಸಲ್ ಶಾಫ್ಟನ್ನು ಹೊರಗೆಳೆದು, ಬ್ಯಾಕ್ ಪ್ಲೇಟಿನ ಜಾಗದಲ್ಲಿ ಕ್ಯಾಲಿಪರ್ ಹೊರುವ ಬ್ರ್ಯಾಕೆಟನ್ನು ಕೂರಿಸಬೇಕು. ಬ್ರ್ಯಾಕೆಟಿನ ದಪ್ಪ ಬ್ಯಾಕ್ ಪ್ಲೇಟಿನ ದಪ್ಪಕ್ಕಿಂತ ಬೇರೆಯಾದರೆ ಬೇರಿಂಗಿನ ಸಡಿಲ ಬದಲಾಗಿ, ಆಯಿಲ್ ಸೀಲ್ ಸೋರತೊಡಗುತ್ತದೆ. ಹಳೆಯ ಲೈನರ್‌ಗಳಲ್ಲಿ ಕಲ್ನಾರು ಇರುವ ಸಾಧ್ಯತೆಯಿರುವುದರಿಂದ ಡ್ರಮ್ಮಿನೊಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು.

ಬ್ರ್ಯಾಕೆಟ್ ಹೊರಬೇಕಾದ ಬಲವನ್ನು ಕಡೆಗಣಿಸುವುದು ಸಾಮಾನ್ಯ ತಪ್ಪು. ಮೇಲಿನ ಉದಾಹರಣೆಯ 550 ನ್ಯೂಟನ್ ಮೀಟರ್ ಟಾರ್ಕಿನಲ್ಲಿ ಕ್ಯಾಲಿಪರ್ ತನ್ನ ಬ್ರ್ಯಾಕೆಟನ್ನು ಸುಮಾರು 490 ಕಿಲೋ ಭಾರದಷ್ಟು ಬಲದಿಂದ ಎಳೆಯುತ್ತದೆ, ಅದೂ ಪ್ರತಿ ಗಟ್ಟಿ ಬ್ರೇಕಿಗೆ ಒಮ್ಮೆ. ತುಂಡು ಪಟ್ಟಿಗಳನ್ನು ವೆಲ್ಡ್ ಮಾಡಿ ಮಾಡಿದ ಬ್ರ್ಯಾಕೆಟ್ ಕಾಲಕ್ರಮದಲ್ಲಿ ವೆಲ್ಡಿನ ಅಂಚಿನಲ್ಲಿ ಬಿರುಕು ಬಿಡಬಹುದು. ಒಂದೇ ದಪ್ಪ ಉಕ್ಕಿನ ತಟ್ಟೆಯಿಂದ ಕತ್ತರಿಸಿ, ರಂಧ್ರಗಳನ್ನು ಯಂತ್ರದಲ್ಲಿ ಕೊರೆದು, ಹೆಚ್ಚು ಬಲದ ಬೋಲ್ಟುಗಳಿಂದ ಬಿಗಿದದ್ದೇ ನಂಬಿಕೆಗೆ ಅರ್ಹ. ಬಿಲ್ಲೆಯ ನಡುರಂಧ್ರ ಆಕ್ಸಲ್ಲಿನ ಮುಖಕ್ಕೆ ಸರಿಯಾಗಿ ಕೂರಬೇಕು ಮತ್ತು ತಿರುಗುವಾಗ ಅದರ ಓಲಾಟ ಮಿಲಿಮೀಟರಿನ ಹತ್ತನೆಯ ಒಂದು ಭಾಗವನ್ನು ಮೀರದಂತೆ ಡಯಲ್ ಗೇಜಿನಿಂದ ಅಳೆಯಬೇಕು.

ಎಡ ಮತ್ತು ಬಲ ಕ್ಯಾಲಿಪರುಗಳನ್ನು ಅದಲುಬದಲು ಮಾಡದಂತೆ ನೋಡಿಕೊಳ್ಳುವುದು ಅಗತ್ಯ. ಗಾಳಿ ಬಿಡುವ ನಿಪ್ಪಲ್ ಯಾವಾಗಲೂ ಮೇಲ್ತುದಿಯಲ್ಲಿರಬೇಕು. ಅದು ಕೆಳಗಾದರೆ ಎಷ್ಟು ಬಾರಿ ಏರ್ ತೆಗೆದರೂ ಗುಳ್ಳೆಗಳು ಒಳಗೇ ಉಳಿದು ಪೆಡಲ್ ಮೆತ್ತಗಾಗುತ್ತದೆ. ಬಲಗಡೆ ಸ್ಟಿಯರಿಂಗ್ ಇರುವ ನಮ್ಮ ವಾಹನಗಳಲ್ಲಿ ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದಲ್ಲಿರುವುದು ಸಾಮಾನ್ಯವಾಗಿ ಎಡ ಹಿಂದಿನ ಚಕ್ರವಾದುದರಿಂದ ಅಲ್ಲಿಂದಲೇ ಏರ್ ತೆಗೆಯಲು ಆರಂಭಿಸುತ್ತಾರೆ. ಹಳೆಯ ಬ್ರೇಕ್ ಆಯಿಲನ್ನು ಪೂರ್ತಿಯಾಗಿ ಹೊರಹಾಕಬೇಕು, ಏಕೆಂದರೆ ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ: ಹೊಸ ಡಾಟ್ 3 ಆಯಿಲ್ ಕನಿಷ್ಠ 205 ಡಿಗ್ರಿ, ಡಾಟ್ 4 ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬುದು ಮಾನದಂಡವಾದರೆ, ತೇವ ಹೀರಿದ ಮೇಲೆ ಈ ಮಿತಿಗಳು ಕ್ರಮವಾಗಿ 140 ಮತ್ತು 155 ಡಿಗ್ರಿಗೆ ಇಳಿಯುತ್ತವೆ. ಕುದಿದ ದ್ರವದ ಆವಿ ಒತ್ತಿದರೆ ಕುಗ್ಗುವುದರಿಂದ ಬ್ರೇಕ್ ಪೂರ್ಣವಾಗಿ ಕೈಕೊಡಬಹುದು.

ಕೆಲಸ ಮುಗಿದ ಮೇಲೆ ಹೊಸ ಪ್ಯಾಡುಗಳು ಬಿಲ್ಲೆಗೆ ಒಗ್ಗುವಂತೆ ಸಾಧಾರಣ ವೇಗದಿಂದ ಹಗುರವಾಗಿ ಅನೇಕ ಬಾರಿ ಬ್ರೇಕ್ ಹಾಕಿ, ನಡುನಡುವೆ ತಣಿಯಲು ಬಿಡಬೇಕು. ಬಳಿಕ ಜನಸಂಚಾರವಿಲ್ಲದ ಜಾಗದಲ್ಲಿ, ಖಾಲಿ ಗಾಡಿಯಲ್ಲೊಮ್ಮೆ ತುಂಬಿದ ಗಾಡಿಯಲ್ಲೊಮ್ಮೆ, ಒಣ ರಸ್ತೆಯಲ್ಲೊಮ್ಮೆ ಒದ್ದೆ ರಸ್ತೆಯಲ್ಲೊಮ್ಮೆ ವೇಗವನ್ನು ಕ್ರಮೇಣ ಏರಿಸುತ್ತ, ಯಾವ ಚಕ್ರಗಳು ಮೊದಲು ಲಾಕ್ ಆಗುತ್ತವೆ ಎಂಬುದನ್ನು ಹೊರಗೆ ನಿಂತವರು ಗಮನಿಸಬೇಕು. ಉರುಳೆಗಳ ಮೇಲೆ ಚಕ್ರವನ್ನಿಟ್ಟು ಪ್ರತಿ ಚಕ್ರದ ತಡೆಯನ್ನು ಅಳೆಯುವ ಬ್ರೇಕ್ ಟೆಸ್ಟರ್ ಇರುವ ಕೇಂದ್ರದಲ್ಲಿ ಪರೀಕ್ಷಿಸಿದರೆ ಎಡಬಲಗಳ ವ್ಯತ್ಯಾಸ ಅಂಕಿಗಳಲ್ಲಿಯೇ ದೊರೆಯುತ್ತದೆ.

ಕಾನೂನಿನ ಚೌಕಟ್ಟು

ಭಾರತದಲ್ಲಿ ವಾಹನದ ಮಾರ್ಪಾಟನ್ನು ನಿಯಂತ್ರಿಸುವುದು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು. ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ನಿಗದಿಪಡಿಸಿದ್ದಕ್ಕಿಂತ ಬೇರೆಯಾಗುವಂತೆ ಮಾಲೀಕರು ವಾಹನವನ್ನು ಬದಲಿಸಬಾರದು ಎಂಬುದು ಅದರ ತಿರುಳು. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಈ ಕಲಮನ್ನು ಕಟ್ಟುನಿಟ್ಟಾಗಿ ಅರ್ಥೈಸಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಕಲಮಿನ ಪ್ರಕಾರ, ಅನುಮತಿಯಿಲ್ಲದ ಮಾರ್ಪಾಟಿಗೆ ಆರು ತಿಂಗಳವರೆಗಿನ ಸೆರೆವಾಸ ಅಥವಾ ಪ್ರತಿ ಮಾರ್ಪಾಟಿಗೆ 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಬಹುದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 96ನೆಯ ನಿಯಮ ಬ್ರೇಕುಗಳಿಗೆ ಸಂಬಂಧಿಸಿದ್ದು, ಕಾಲಿನ ಬ್ರೇಕ್ ಮತ್ತು ನಿಲುಗಡೆಯ ಬ್ರೇಕ್ ಎರಡೂ ದಕ್ಷವಾಗಿರಬೇಕೆಂದು ವಿಧಿಸುತ್ತದೆ. ವಾಹನ ಮಾದರಿಗಳನ್ನು ಮಾರಾಟಕ್ಕೆ ಮೊದಲು ಪುಣೆಯ ಎಆರ್‌ಎಐಯಂಥ ಅಧಿಕೃತ ಸಂಸ್ಥೆಗಳು ಪರೀಕ್ಷಿಸಿ ಒಪ್ಪಿರುತ್ತವೆ, ಮತ್ತು ಬ್ರೇಕ್ ವ್ಯವಸ್ಥೆ ಆ ಒಪ್ಪಿಗೆಯ ಭಾಗವಾಗಿರುತ್ತದೆ.

ಖಾಸಗಿ ವಾಹನದ ನೋಂದಣಿ 15 ವರ್ಷಗಳಿಗೆ ಮುಗಿದು, ಮುಂದೆ ಯೋಗ್ಯತೆಯ ತಪಾಸಣೆಯ ನಂತರ ಐದು ವರ್ಷಗಳಿಗೊಮ್ಮೆ ನವೀಕರಣವಾಗಬೇಕಾದುದರಿಂದ ಹಳೆಯ ಎಸ್‌ಯುವಿಗಳಿಗೆ ಈ ಪ್ರಶ್ನೆ ಬೇಗ ಎದುರಾಗುತ್ತದೆ. ಆದ್ದರಿಂದ ಕೆಲಸಕ್ಕೆ ಕೈಹಾಕುವ ಮುನ್ನವೇ ನೋಂದಣಿ ಪ್ರಾಧಿಕಾರದಿಂದ, ಅಂದರೆ ಬಾಗಲಕೋಟೆಯ ಕೆಎ-29 ಅಥವಾ ಜಮಖಂಡಿಯ ಕೆಎ-48 ಕಚೇರಿಯಿಂದ, ಬರಹದಲ್ಲಿ ಅಭಿಪ್ರಾಯ ಪಡೆಯುವುದು ಮತ್ತು ವಿಮಾ ಕಂಪನಿಗೆ ತಿಳಿಸುವುದು ಅಗತ್ಯ. ತಿಳಿಸದ ಮಾರ್ಪಾಟು ಅಪಘಾತದ ಪರಿಹಾರಕ್ಕೆ ಅಡ್ಡಿಯಾಗಬಹುದು.

ಅಮೀನಗಡ ಪರಿಸರದಲ್ಲಿ

ಕರದಂಟಿಗೂ ಕುರಿ ಮತ್ತು ದನದ ಸಂತೆಗೂ ಹೆಸರಾದ ಅಮೀನಗಡ, ಬಾಗಲಕೋಟೆಯಿಂದ ಹುನಗುಂದದ ಕಡೆಗೆ ಹೋಗುವ ಬೆಳಗಾವಿ–ರಾಯಚೂರು ರಸ್ತೆಯ ಮೇಲಿದೆ. ಐಹೊಳೆಗೆ ಹೋಗುವವರೂ ಇಲ್ಲಿಂದಲೇ ತಿರುಗುತ್ತಾರೆ. ಹುನಗುಂದ ಮತ್ತು ಇಳಕಲ್‌ಗಳು ವಿಜಯಪುರ–ಹೊಸಪೇಟೆ ನಡುವಿನ 50ನೆಯ ರಾಷ್ಟ್ರೀಯ ಹೆದ್ದಾರಿಯ ಮೇಲಿವೆ. ಈ ಭಾಗದ ಬೊಲೆರೊ, ಕ್ರೂಸರ್, ಸುಮೊಗಳು ಸಂತೆಗೆ ಕುರಿ, ಹೊಲಕ್ಕೆ ಬೀಜ ಗೊಬ್ಬರ, ಬನಶಂಕರಿ ಜಾತ್ರೆಗೂ ಕೂಡಲಸಂಗಮಕ್ಕೂ ಜನ, ಹೀಗೆ ಎಲ್ಲವನ್ನೂ ಹೊರುತ್ತವೆ. ಹೋಗುವಾಗ ತುಂಬಿ, ಬರುವಾಗ ಖಾಲಿಯಾಗುವ ಇಂಥ ದುಡಿಮೆಯಲ್ಲಿ ಹಿಂದಿನ ಚಕ್ರಗಳ ಮೇಲಿನ ಭಾರ ದಿನದಲ್ಲಿ ಹಲವು ಬಾರಿ ಬದಲಾಗುವುದರಿಂದ ಎಲ್‌ಎಸ್‌ಪಿವಿಯ ಮಹತ್ವ ಇಲ್ಲಿ ಬೇರೆಡೆಗಿಂತ ಹೆಚ್ಚು.

ನೆಲದ ಗುಣವೂ ಬ್ರೇಕಿನ ಆಯ್ಕೆಯಲ್ಲಿ ಮಾತಾಡುತ್ತದೆ. ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳ ಬಯಲಿನ ಎರೆ ಮಣ್ಣು ಮಳೆಗಾಲದಲ್ಲಿ ಅಂಟು ರಾಡಿಯಾಗಿ ಡ್ರಮ್ಮಿನೊಳಗೆ ಸೇರಿ ಒಣಗಿದರೆ ಲೈನರಿಗೂ ಡ್ರಮ್ಮಿಗೂ ನಡುವೆ ಉಜ್ಜುವ ಪುಡಿಯಾಗುತ್ತದೆ. 2009 ಮತ್ತು 2019ರ ನೆರೆಗಳಲ್ಲಿ ಆದಂತೆ ರಸ್ತೆಗಳ ಮೇಲೆಯೇ ನೀರು ನಿಂತಾಗ ಒದ್ದೆ ಶೂಗಳು ಹಿಡಿಯಲು ಹೊತ್ತು ಹಿಡಿಯುತ್ತವೆ. ಈ ಎರಡು ಸಂದರ್ಭಗಳಲ್ಲಿಯೂ ಡಿಸ್ಕಿನ ಮೇಲುಗೈ ಸ್ಪಷ್ಟ. ಇಳಕಲ್ ಸುತ್ತಲಿನ ಗ್ರಾನೈಟ್ ಗಣಿಗಳ ಗಟ್ಟಿ ಧೂಳಿನಲ್ಲಿ ಮಾತ್ರ ಲೆಕ್ಕ ತಿರುವುಮುರುವಾಗುತ್ತದೆ: ತೆರೆದ ಬಿಲ್ಲೆ ಮತ್ತು ಪ್ಯಾಡುಗಳು ಬೇಗ ಸವೆಯುತ್ತವೆ, ಕ್ಯಾಲಿಪರ್ ಜಾರಬೇಕಾದ ಪಿನ್ನುಗಳ ರಬ್ಬರು ಹರಿದರೆ ಧೂಳು ತುಂಬಿ ಅವು ಬಿಗಿದುಕೊಳ್ಳುತ್ತವೆ, ಒಂದು ಪ್ಯಾಡು ಮಾತ್ರ ಸವೆದು ಬಿಲ್ಲೆ ಕಾಯುತ್ತದೆ. ಅಲ್ಲಿ ಓಡುವ ವಾಹನಕ್ಕೆ ಧೂಳು ತಡೆಯುವ ಕವಚದ ತಗಡನ್ನು ಉಳಿಸಿಕೊಳ್ಳುವುದೂ ಪಿನ್ನುಗಳನ್ನು ನಿಯಮಿತವಾಗಿ ಬಿಚ್ಚಿ ಗ್ರೀಸ್ ಹಾಕುವುದೂ ಅನಿವಾರ್ಯ. ಬಾಗಲಕೋಟೆ ಬಹುಪಾಲು ಬಯಲು ನಾಡಾದುದರಿಂದ ದೀರ್ಘ ಇಳಿಜಾರಿನ ಶಾಖದ ಸಮಸ್ಯೆ ಇಲ್ಲಿ ದಿನನಿತ್ಯದ್ದಲ್ಲ; ಚೋರ್ಲಾ ಘಟ್ಟದ ಮೂಲಕ ಗೋವಾಕ್ಕೆ ಅಥವಾ ಅರಬೈಲು ಘಟ್ಟದ ಮೂಲಕ ಅಂಕೋಲಾಕ್ಕೆ ಇಳಿಯುವವರಿಗೆ ಅದು ಎದುರಾಗುತ್ತದೆ.

ದುರಸ್ತಿಯ ಅನುಕೂಲವನ್ನೂ ತೂಗಬೇಕು. ಲೈನರ್ ಕಟ್ಟುವುದು, ಡ್ರಮ್ಮನ್ನು ಲೇತಿನಲ್ಲಿ ಕಡೆದು ನಯಗೊಳಿಸುವುದು, ವೀಲ್ ಸಿಲಿಂಡರಿನ ರಬ್ಬರು ಬದಲಿಸುವುದು ಸಣ್ಣ ಊರಿನ ಗ್ಯಾರೇಜಿಗೂ ಪರಿಚಿತವಾದ ಕೆಲಸಗಳು. ಬೇರೆ ಬೇರೆ ವಾಹನಗಳ ಭಾಗಗಳನ್ನು ಕೂಡಿಸಿದ ಡಿಸ್ಕ್ ವ್ಯವಸ್ಥೆಯ ಪ್ಯಾಡ್ ಯಾವುದು, ಬಿಲ್ಲೆ ಯಾವುದು ಎಂಬುದು ಅದನ್ನು ಮಾಡಿದ ಮೆಕ್ಯಾನಿಕ್ಕಿಗೆ ಮಾತ್ರ ಗೊತ್ತಿದ್ದರೆ, ದಾರಿಯಲ್ಲಿ ಕೆಟ್ಟು ನಿಂತ ದಿನ ಬೇರೊಬ್ಬರು ಕೈಯಿಡುವುದು ಕಷ್ಟ. ಬಳಸಿದ ಪ್ರತಿ ಭಾಗದ ಮೂಲ ವಾಹನ, ಭಾಗದ ಸಂಖ್ಯೆ ಮತ್ತು ಬಿಲ್ಲೆಯ ಕನಿಷ್ಠ ದಪ್ಪವನ್ನು ಬರೆದು ವಾಹನದ ಕಾಗದಪತ್ರಗಳ ಜೊತೆ ಇಡುವುದು ಇದಕ್ಕೆ ಪರಿಹಾರ.

ಮೌಲ್ಯಮಾಪನ

ಹಿಂಬದಿ ಡಿಸ್ಕ್ ಪರಿವರ್ತನೆ ಎಲ್ಲ ಹಳೆಯ ಎಸ್‌ಯುವಿಗಳಿಗೂ ಹೊಂದುವ ಸುಧಾರಣೆಯಲ್ಲ. ಅದೇ ಮಾದರಿಯ ಬೇರೊಂದು ಆವೃತ್ತಿಗೆ ಕಾರ್ಖಾನೆಯೇ ಹಿಂಬದಿ ಡಿಸ್ಕ್ ಕೊಟ್ಟಿದ್ದು, ಹೌಸಿಂಗ್, ಮಾಸ್ಟರ್ ಸಿಲಿಂಡರ್, ಕವಾಟ, ಹ್ಯಾಂಡ್ ಬ್ರೇಕ್ ಇವೆಲ್ಲವನ್ನೂ ಒಟ್ಟಾಗಿ ತರಲು ಸಾಧ್ಯವಿದ್ದು, ಪ್ರಾಧಿಕಾರದ ಒಪ್ಪಿಗೆಯೂ ದೊರೆತರೆ ಕೆಲಸಕ್ಕೆ ಗಟ್ಟಿ ತಳಹದಿಯಿರುತ್ತದೆ. ಘಟ್ಟಗಳಲ್ಲಿ ಪದೇ ಪದೇ ಇಳಿಯುವ, ನೀರು ರಾಡಿಗಳನ್ನು ದಾಟುವ ವಾಹನಕ್ಕೆ ಅದರ ಲಾಭ ನಿಜವಾದದ್ದು. ಬಯಲಿನ ರಸ್ತೆಗಳಲ್ಲಿ ಸಾಧಾರಣ ವೇಗದಲ್ಲಿ ಓಡುವ ವಾಹನಕ್ಕಾದರೆ ಅದೇ ಹಣವನ್ನು ಮೊದಲು ಉತ್ತಮ ಟೈರುಗಳಿಗೆ, ಹೊಸ ಲೈನರ್ ಮತ್ತು ವೀಲ್ ಸಿಲಿಂಡರುಗಳಿಗೆ, ಅಳತೆಯ ಮಿತಿಯೊಳಗಿನ ಡ್ರಮ್ಮಿಗೆ, ಶೂಗಳ ಸರಿಯಾದ ಹೊಂದಾಣಿಕೆಗೆ, ಎರಡು ವರ್ಷಗಳಿಗೊಮ್ಮೆ ಬ್ರೇಕ್ ಆಯಿಲ್ ಬದಲಾವಣೆಗೆ ಮತ್ತು ಎಲ್‌ಎಸ್‌ಪಿವಿಯ ತಪಾಸಣೆಗೆ ವೆಚ್ಚಮಾಡುವುದೇ ಹೆಚ್ಚಿನ ಸುರಕ್ಷತೆ ಕೊಡುತ್ತದೆ. ಹಿಂದಿನ ಸೀಟಿನಲ್ಲಿ ಕುಳಿತ ಮಂದಿಯ ಜೀವವೂ ಎದುರಿನಿಂದ ಬರುವವರ ಜೀವವೂ ಬ್ರೇಕಿನ ಮೇಲೆ ನಿಂತಿರುವುದರಿಂದ, ಅಳತೆಯಿಲ್ಲದೆ ಮಾಡುವ ಯಾವ ಬದಲಾವಣೆಗೂ ಈ ವ್ಯವಸ್ಥೆಯಲ್ಲಿ ಎಡೆಯಿಲ್ಲ.